ಬಿಸಿನೀರಿಗೆ ಅದ್ದಿದ ಬಟಾಣಿ

ಅಕ್ಟೋಬರ್ 4

ಚಿಕ್ಕಮ್ಮ,

ಈ ಮೊದಲ ಮಾತನ್ನು ಬರೆಯದೇ ಬಿಡುವವಳಿದ್ದೆ. ಬಟಾಣಿ ಬೀಜ ಬೇಕಿತ್ತು, ಇದ್ದರೆ ಕಳಿಸಿ ಎಂದಷ್ಟೇ ಬರೆದು ಮುಗಿಸೋಣವೆಂದು ಎರಡು ಹಾಳೆ ಹಾಳು ಮಾಡಿದೆ. ಆದರೆ ಮನಸ್ಸಿನಲ್ಲಿ ಒಂದನ್ನು ಬಚ್ಚಿಟ್ಟುಕೊಂಡು ನಿಮ್ಮ ಮುಂದೆ ಕೈಯೊಡ್ಡುವುದು ನನ್ನಿಂದ ಆಗುವ ಹಾಗೆ ಕಾಣುವುದಿಲ್ಲ. ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ನೀವು ಕಳಿಸಿದ ಬಟಾಣಿ ಒಂದೂ ಮೊಳೆಯಲಿಲ್ಲ. ಮೊಳೆಯಬಾರದೆಂದೇ ನೀವು ಹಾಗೆ ಮಾಡಿದಿರಿ ಎಂದು ಅಮ್ಮ ನಂಬಿದ್ದಳು. ಕಳೆದ ವರ್ಷ ಅದನ್ನೇ ನಂಬಿಕೊಂಡು ಹೋದಳು. ನಾನೂ ನಂಬಿದ್ದೇನೆ. ಪೂರ್ತಿ ನಂಬಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲವೇನೋ.

ಅಡುಗೆಮನೆ ಕಿಟಕಿಯ ಕೆಳಗೆ ಅಮ್ಮ ಮಾಡಿಕೊಂಡಿದ್ದ ಪಾತಿ ಒಂದು ವರ್ಷದಿಂದ ಹಾಗೇ ಬಿದ್ದಿತ್ತು. ಈಗ ಸಂಜೆ ಹೊತ್ತು ಸ್ವಲ್ಪ ಸ್ವಲ್ಪ ಅಗೆಯುತ್ತಿದ್ದೇನೆ. ನಾನು ಈಗಲೂ ಅದೇ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತೇನೆ. ದಿನಕ್ಕೆ ಮೂವತ್ತು ಜನರಿಗೆ ಈ ಸಾಲು ಓದಿ, ಆ ಸಾಲು ಓದಿ ಎಂದು ಹೇಳಿ ಮನೆಗೆ ಬಂದರೆ, ಯಾರೂ ಓದಬೇಕಿಲ್ಲದ ಏನಾದರೂ ಹಸಿರು ಕಣ್ಣಿಗೆ ಬೇಕೆನ್ನಿಸುತ್ತದೆ. ಅಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿ ಮೂಲಂಗಿ, ಕ್ಯಾರೆಟ್, ಈರುಳ್ಳಿ ಬೀಜದ ಪೊಟ್ಟಣಗಳು ಸಿಕ್ಕವು. 'ನಮ್ಮಮ್ಮನ ನೇರಳೆ ಬಟಾಣಿ' ಎಂದು ಬರೆದ ಪೊಟ್ಟಣ ಮಾತ್ರ ಖಾಲಿ. ಅಜ್ಜಿಯ ಆ ಬಟಾಣಿ, ಆಳೆತ್ತರ ಹಬ್ಬುತ್ತಿದ್ದದ್ದು, ಸಿಪ್ಪೆ ನೇರಳೆ ಒಳಗೆ ಹಸಿರು, ಈಗ ಉಳಿದಿದ್ದರೆ ನಿಮ್ಮೊಬ್ಬರ ಹತ್ತಿರ.

ಚಳಿಗಾಲಕ್ಕೆ ಬಿತ್ತುವುದಾದರೆ ಯಾವಾಗ, ಎಷ್ಟು ಆಳ? ಉತ್ತರ ಬರೆಯದಿದ್ದರೆ ಅದನ್ನೂ ಉತ್ತರವೆಂದೇ ತಿಳಿದುಕೊಳ್ಳುತ್ತೇನೆ.

ನಿಮ್ಮ ಅಕ್ಕನ ಮಗಳು


ಅಕ್ಟೋಬರ್ ೧೨

ಅಕ್ಕನ ಮಗಳಿಗೆ,

ಕವರಿನ ಮೇಲೆ ನಿನ್ನ ಅಕ್ಷರ ಕಂಡದ್ದೇ ಒಲೆ ಆರಿಸಿ ಕೂತೆ. ಐದು ವರ್ಷದ ಹಿಂದೆ ಬಂದ ಕಾಗದವೂ ಇದೇ ಗುಂಡು ಅಕ್ಷರದ್ದು. 'ನೀನು ಬರೆದ ಹಾಗೇ ಮಾಡಿದೆ, ಎಲ್ಲ ಕೊಳೆತು ಹೋಯಿತು. ಇನ್ನು ನನ್ನ ಮನೆಗೆ ಬರಬೇಡ, ನಾನು ಸತ್ತರೂ ಬರಬೇಡ.' ಕೆಳಗೆ ಅಕ್ಕ ಅಂತ ಒಂದೇ ಪದ. ನಮ್ಮಕ್ಕ ಬೈಯೋಕೆ ಶುರು ಮಾಡಿದರೆ ಕತ್ತೆ, ಗೂಬೆ ಅಂತ ಅರ್ಧ ಕಾಡನ್ನೇ ಕರೆಯುತ್ತಿದ್ದಳು. ಆ ಕಾಗದದಲ್ಲಿ ಒಂದು ಪ್ರಾಣಿಯೂ ಇರಲಿಲ್ಲ. ಅವಳು ಹೇಳಿ ಬರೆಸಿದಳೋ, ನೀನೇ ಬರೆದೆಯೋ? ಐದು ವರ್ಷದಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ನೀನು ಅನುಮಾನ ಹೇಳಿದೆ ಅಂತ ನಾನೂ ಹೇಳಿದೆ. ಲೆಕ್ಕ ಸರಿಹೋಯಿತು.

ಉತ್ತರಕ್ಕೆ ಫೋನ್ ನಂಬರು ಕೊಡಬೇಡ. ಡೈರಿಯ ಯಂತ್ರಗಳು ನನ್ನ ಎರಡೂ ಕಿವಿ ತಿಂದು ಮುಗಿಸಿವೆ. ಪಕ್ಕದ ಮನೆಯ ದರ್ಜಿ ಕೂಗಿ ಕೂಗಿ ಅವನ ಗಂಟಲೇ ಹೋಗಿದೆ, ಈಗ ಕತ್ತರಿ ಆಡಿಸಿ ಮಾತಾಡುತ್ತಾನೆ.

ಬೀಜ ಇದೆ. ಕೊಡುವ ಮೊದಲು ಕೇಳುವುದಿದೆ. ಅವತ್ತು ನಾನು ಬೀಜದ ಜೊತೆಗೆ ಒಂದು ಕಾಗದ, ಡೈರಿಯ ಒಂದು ಥರ್ಮಾಮೀಟರು ಕಳಿಸಿದ್ದೆ. ಆ ವರ್ಷ ಕಾಳಿಗೆ ಹುಳ ಬಿದ್ದಿತ್ತು, ಒಳಗಿರುವ ಹುಳ ಸಾಯಲಿ ಅಂತ ಬಿತ್ತುವ ಮೊದಲು ಬಿಸಿನೀರಿಗೆ ಅದ್ದೋಕೆ ಹೇಳಿದ್ದೆ. ನೀರು ಎಷ್ಟು ಬಿಸಿ ಮಾಡಿದಿರಿ? ಎಷ್ಟು ಹೊತ್ತು? ಥರ್ಮಾಮೀಟರು ನೋಡಿದ್ದು ಯಾರು?

ಇದಕ್ಕೆ ಉತ್ತರ ಬರುವವರೆಗೆ ಸುಮ್ಮನೆ ಕೂರಬೇಡ. ಪಾತಿಯಲ್ಲಿ ಮೊಣಕೈ ಉದ್ದ ಆಳಕ್ಕೆ ಒಂದು ಕಾಲುವೆ ತೋಡು, ಒಣ ಎಲೆ ತುಂಬು, ಮೇಲೆ ಮಣ್ಣು ಎಳೆದು ತುಳಿ. ಬಟಾಣಿ ಚಳಿಗೆ ಹೆದರುವುದಿಲ್ಲ, ಕಾಲ ಕೆಳಗೆ ನೀರು ನಿಂತರೆ ಹೆದರುತ್ತದೆ.

ಚಿಕ್ಕಮ್ಮ


ಅಕ್ಟೋಬರ್ 20

ಚಿಕ್ಕಮ್ಮ,

ಆ ಕಾಗದವನ್ನು ಅಮ್ಮನೇ ಹೇಳಿ ಬರೆಸಿದಳು. ಪ್ರಾಣಿಗಳೆಲ್ಲ ಇದ್ದವು. ಬಿಟ್ಟವಳು ನಾನು. ಬರೆಯಲು ನಾಚಿಕೆಯಾಯಿತು. ಅವುಗಳನ್ನು ಬಿಟ್ಟದ್ದರಿಂದ ಕಾಗದ ಮೃದುವಾಗುತ್ತದೆಂದು ಆಗ ಅಂದುಕೊಂಡಿದ್ದೆ. ನೀವು ಬರೆದದ್ದನ್ನು ಓದಿದ ಮೇಲೆ, ಅದರಿಂದ ಅದು ಅಮ್ಮನದಲ್ಲದ ಹಾಗೆ ಆಯಿತೇನೋ ಅನ್ನಿಸುತ್ತಿದೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ. ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್‌ಗೆ ಎರಡು ತಿಂಗಳಿತ್ತು. ನಿಮ್ಮ ಕಾಗದವನ್ನು ಓದಿ ಹೇಳಿದವಳು ನಾನು. ಥರ್ಮಾಮೀಟರನ್ನು ಪಾತ್ರೆಯಲ್ಲಿ ಹಿಡಿದು ನಿಂತವಳೂ ನಾನೇ. ನೀವು ಬರೆದಿದ್ದು ಹೀಗೆ: 'ನೀರು 90 ಡಿಗ್ರಿ, ಐದು ನಿಮಿಷ. ಆಮೇಲೆ ತಣ್ಣೀರು, ಆಮೇಲೆ ನೆರಳು.' ನಾನು ತೊಂಬತ್ತು ಬರುವವರೆಗೆ ಕಾದೆ. ಹಬೆಗೆ ನನ್ನ ಕನ್ನಡಕ ಮಂಜಾಗಿ ಎರಡು ಸಲ ಒರೆಸಿಕೊಂಡೆ. ಅಮ್ಮ ಬಟ್ಟೆಯಲ್ಲಿ ಕಟ್ಟಿದ ಕಾಳನ್ನು ತನ್ನ ಕೈಯಾರೆ ಇಳಿಬಿಟ್ಟಳು. ಐದು ನಿಮಿಷವನ್ನು ಗಡಿಯಾರ ನೋಡಿಯೇ ಹಿಡಿದೆವು. ಹತ್ತು ದಿನದ ಮೇಲೆ ಮಣ್ಣು ಕೆದಕಿದರೆ ಕಾಳು ಬೆರಳಿಗೆ ಗಂಜಿಯ ಹಾಗೆ ಅಂಟಿತು.

ಅಮ್ಮ ಅವತ್ತು ಹೇಳಿದ ಮಾತನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆಯುತ್ತೇನೆ: "ಬೇಯಿಸಿದ ಬೀಜ ಕಳಿಸಿದ್ರೆ ಗೊತ್ತಾಗ್ತಿತ್ತು ಅಂತ, ನನ್ನ ಕೈಯಿಂದಲೇ ಬೇಯಿಸಿದ್ಲು."

ನಿಮ್ಮ ಕಾಗದ ಈಗಲೂ ಡಬ್ಬಿಯ ತಳದಲ್ಲಿದೆ. ಕೇಳಬೇಡಿ, ಕಳಿಸುವುದಿಲ್ಲ. ಅದೊಂದೇ ಪುರಾವೆ. ಹೀಗೆ ಬರೆಯುವುದು ಒರಟು ಎಂದು ಗೊತ್ತು.

ನಾನೂ ಒಂದು ಕೇಳುತ್ತೇನೆ. ಅಮ್ಮ ಹೋದಾಗ ನಿಮಗೆ ಸುದ್ದಿ ಮುಟ್ಟಿಸಿದ್ದೆ, ಅದೇ ದಿನ. ಒಂದೇ ಅಕ್ಕ. ಯಾಕೆ ಬರಲಿಲ್ಲ?

ಕಾಲುವೆ ತೋಡಿ ಎಲೆ ತುಂಬಿದ್ದೇನೆ. ಮಣ್ಣು ಜೇಡಿ, ಬಿಗಿ. ಮರಳು ಬೆರೆಸಲೇ?

ಅಕ್ಕನ ಮಗಳು


ನವೆಂಬರ್ ೬

ಅಕ್ಕನ ಮಗಳಿಗೆ,

ಹದಿನೈದು ದಿನ ಬರೆಯಲಿಲ್ಲ. ಬರೆದದ್ದೆಲ್ಲ ಒಲೆಗೆ ಹಿಡಿದು ಸುಟ್ಟೆ, ನೀನು ಪುರಾವೆ ಅಂತ ಎತ್ತಿಟ್ಟುಕೊಂಡೀಯ ಅಂತ.

ನಾನು ಮೂವತ್ತೊಂದು ವರ್ಷ ಡೈರಿಯಲ್ಲಿ ಹಾಲು ಕಾಯಿಸಿದವಳು. ಅರವತ್ತಮೂರಕ್ಕೆ ಮುಟ್ಟಿಸಿ ಅರ್ಧ ಗಂಟೆ ಅಲ್ಲೇ ಹಿಡಿಯಬೇಕು. ಒಂದು ಡಿಗ್ರಿ ಆಚೀಚೆ ಆದರೆ ಮೇಲ್ವಿಚಾರಕನ ಮುಖ ಹುಳಿಯಾಗುತ್ತಿತ್ತು. ಅಂಥವಳು ಬೀಜಕ್ಕೆ ತೊಂಬತ್ತು ಅಂತ ಬರೆಯುತ್ತೇನಾ? ಆ ಬಿಸಿಯಲ್ಲಿ ಬೀಜ ಅಲ್ಲ, ಪಲ್ಯ ಆಗುತ್ತದೆ. ನಾನು ಬರೆದದ್ದು ಅರವತ್ತು. ಬೀಜಕ್ಕೆ ಏನೂ ಆಗದೆ ಒಳಗಿನ ಹುಳ ಮಾತ್ರ ಸಾಯುವ ಬಿಸಿ ಅದು. ನೀನು ಆ ಕಾಗದ ಕಳಿಸುವುದಿಲ್ಲ ಅಂತ ಬರೆದಾಗಲೇ ನನಗೆ ಅನುಮಾನ ಬಂತು, ಅಲ್ಲಿ ತೊಂಬತ್ತು ಇದೆಯೋ ಇಲ್ಲವೋ ಅಂತ.

ಯಾಕೆ ಬರಲಿಲ್ಲ ಅಂತ ಕೇಳಿದೆ. ಬಂದಿದ್ದೆ. ನಮ್ಮೂರ ಬಸ್ ನಿಲ್ದಾಣದ ತನಕ. ಚೀಲ ಮಡಿಲಲ್ಲಿಟ್ಟುಕೊಂಡು ಎರಡು ಬಸ್ ಬಿಟ್ಟೆ, ಮೂರನೆಯದು ಬಂದಾಗ ಮನೆಗೆ ನಡೆದೆ. ಸತ್ತರೂ ಬರಬೇಡ ಅಂದವಳು ಸತ್ತ ಮೇಲೆ ಆ ಮಾತು ವಾಪಸ್ ತಗೊಳ್ಳೋಕೆ ಬರುವುದಿಲ್ಲವಲ್ಲ.

ಜಗಳಕ್ಕೆ ಇನ್ನೂ ಕಾಲ ಇದೆ, ಬಟಾಣಿಗೆ ಇಲ್ಲ. ಇದರ ಜೊತೆ ೬ ಕಾಳು ಇಟ್ಟಿದ್ದೇನೆ. ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನುವವರೆಗೆ ಬಿಟ್ಟು ಕಿತ್ತದ್ದು. ಉಗುರು ಊರಿ ನೋಡು, ಗುರುತು ಬೀಳಬಾರದು. ಈ ವರ್ಷ ಹುಳ ಇಲ್ಲ, ಬಿಸಿನೀರಿನ ಸುದ್ದಿಗೇ ಹೋಗಬೇಡ. ಬೆರಳಿನ ಎರಡು ಗೆಣ್ಣು ಆಳಕ್ಕೆ ಹಾಕು, ಮೊಳಕೆ ಕಾಣುವವರೆಗೆ ಮತ್ತೆ ನೀರು ಹಾಕಬೇಡ. ಮರಳು ಬೇಡ, ಜೇಡಿಗೆ ಮರಳು ಬೆರೆತರೆ ಇಟ್ಟಿಗೆ. ಎಲೆಗೊಬ್ಬರ ಸಾಕು. ಇವು ಎದ್ದರೆ ಉಳಿದದ್ದರ ಮಾತು.

ಚಿಕ್ಕಮ್ಮ


ನವೆಂಬರ್ 8

ಚಿಕ್ಕಮ್ಮ,

ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ನಿಮ್ಮ ಕಾಗದದ ಮೇಲೆ ಒಂಬತ್ತನೇ ತಾರೀಖಿದೆ. ಅದು ನನ್ನ ಕೈ ಸೇರಿದ್ದು ಇವತ್ತು, ಎಂಟಕ್ಕೆ. ಒಂಬತ್ತು ಕಾಳು ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ಕವರನ್ನು ಬಿಳಿ ತಟ್ಟೆಯ ಮೇಲೆ ಕೊಡವಿ, ಮೂಲೆ ಮೂಲೆಗೆ ಬೆರಳು ಹಾಕಿ ನೋಡಿದೆ. ಆರೇ ಇವೆ. ಕವರು ಎಲ್ಲೂ ಹರಿದಿಲ್ಲ.

ಏನೆಂದು ಅನುಮಾನ ಪಡಬೇಕೋ ತಿಳಿಯುತ್ತಿಲ್ಲ. ಮೂರು ಕಾಳು ಕಡಿಮೆ ಇಟ್ಟು, ನಾನು ಎಣಿಸುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದೀರಾ? ಅಥವಾ ಬರೆಯುವಾಗ ಒಂದು, ಮಾಡುವಾಗ ಇನ್ನೊಂದು ನಿಮಗೆ ಆಗುತ್ತಿದೆಯಾ? ಎರಡನೆಯದಾದರೆ, ಐದು ವರ್ಷದ ಹಿಂದೆಯೂ ಆಗಿರಬಹುದಲ್ಲ. ಮನಸ್ಸಿನಲ್ಲಿ ಅರವತ್ತು, ಕೈಯಲ್ಲಿ ತೊಂಬತ್ತು. ತಪ್ಪು ತಿಳಿಯಬೇಡಿ, ಬೈಯಲು ಹೇಳುತ್ತಿಲ್ಲ. ಹಾಗಿದ್ದರೆ ನನಗೂ ಸಮಾಧಾನ. ನಿಮ್ಮ ವಯಸ್ಸಿನವರು ದಿನಾ ಅಂಗಡಿಗೆ ಬರುತ್ತಾರೆ, ಕಣ್ಣು ಚೆನ್ನಾಗಿಯೇ ಇರುತ್ತದೆ, ಮಾತು ಮಾತ್ರ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ.

ಕಾಳು ಇನ್ನೂ ಬಿತ್ತಿಲ್ಲ. ನಿಮ್ಮ ಉತ್ತರ ನೋಡಿ ಬಿತ್ತುತ್ತೇನೆ.

ಅಕ್ಕನ ಮಗಳು


ನವೆಂಬರ್ ೧೬

ಮಗಳೇ,

ಮೊದಲು ಕಾಳು ಬಿತ್ತು. ನನ್ನ ಉತ್ತರಕ್ಕೆ ಅದನ್ನು ಕಾಯಿಸಬೇಡ.

ನಿನ್ನ ಕಾಗದ ಓದಿ ನಗಬೇಕು ಅನ್ನಿಸಿತು, ನಗು ಬರಲಿಲ್ಲ. ಆರು ಕಾಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಮೂರು ಸಲ ಎಣಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಬರೆದದ್ದೂ ಆರು ಅಂತಲೇ ನೆನಪು. ತಾರೀಖೂ ಕ್ಯಾಲೆಂಡರು ನೋಡಿಯೇ ಬರೆದೆ. ಆದರೆ ನೆನಪು ಇದೆ ಅಂತ ನಾನು ಹೇಳಿದರೆ ಏನು ಬೆಲೆ? ನೀನು ದಿನಾ ಕಣ್ಣಿನ ಕೆಲಸ ಮಾಡುವವಳು. ಕಾಗದ ನಿನ್ನ ಎದುರಿಗಿದೆ, ನನ್ನ ಎದುರಿಗಿಲ್ಲ. ನೀನು ಒಂಬತ್ತು ಅಂದರೆ ಒಂಬತ್ತೇ ಇರಬೇಕು. ಕಣ್ಣು ತಪ್ಪಿಲ್ಲ ಅಂದಮೇಲೆ ತಪ್ಪಿದ್ದು ನನ್ನ ತಲೆ.

ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಹೋದ ತಿಂಗಳು ನಲ್ಲಿ ತೆರೆದಿಟ್ಟು ಅಂಗಡಿಗೆ ಹೋಗಿ ಬಂದೆ, ದರ್ಜಿಯ ಬಾಗಿಲ ತನಕ ನೀರು. ಒಮ್ಮೆ ಚಿಲಕ ಹಾಕಿದ್ದೇನೋ ಇಲ್ಲವೋ ಅಂತ ನಾಲ್ಕು ಸಲ ಎದ್ದು ನೋಡಿದೆ. ವಯಸ್ಸು, ಆಗುತ್ತದೆ ಅಂದುಕೊಂಡಿದ್ದೆ. ಈಗ ಎಲ್ಲ ಒಂದೇ ದಾರಕ್ಕೆ ಪೋಣಿಸಿದ ಹಾಗೆ ಕಾಣುತ್ತಿದೆ. ಐದು ವರ್ಷದಿಂದ ಹೀಗಿದ್ದರೆ, ಅಕ್ಕ ನನ್ನನ್ನು ಬೈದದ್ದರಲ್ಲಿ ಏನು ತಪ್ಪು? ನಾನೇ ತೊಂಬತ್ತು ಅಂತ ಬರೆದೆ. ಆಮೇಲೆ ಐದು ವರ್ಷ ಅವಳ ಮೇಲೆ, ನಿನ್ನ ಮೇಲೆ ಹಲ್ಲು ಕಡಿದೆ.

ಅರವತ್ತೂ ತೊಂಬತ್ತೂ ಒಂದಾದ ಕೈಯಲ್ಲಿ ಬೀಜ ಇರಬಾರದು. ಇದರ ಜೊತೆ ಜಾಡಿ ಕಳಿಸುತ್ತಿದ್ದೇನೆ, ಇದ್ದದ್ದೆಲ್ಲ ಅದರಲ್ಲಿದೆ. ತಳದಲ್ಲಿ ಹುರಿದ ಅಕ್ಕಿಯ ಗಂಟಿದೆ, ತೇವ ಎಳೆದುಕೊಳ್ಳೋಕೆ. ಎರಡು ತಿಂಗಳಿಗೊಮ್ಮೆ ಬದಲಾಯಿಸು. ಪ್ರತಿ ವರ್ಷ ಸ್ವಲ್ಪ ಬಿತ್ತು, ಸ್ವಲ್ಪ ಇಡು. ಎಲ್ಲಾ ಒಂದೇ ವರ್ಷ ಬಿತ್ತಬೇಡ, ನನ್ನ ಹಾಗೆ ಯಾರಾದರೂ ಬುದ್ಧಿ ಹೇಳಿದರೂ.

ಚಿಕ್ಕಮ್ಮ


ನವೆಂಬರ್ 22

ಚಿಕ್ಕಮ್ಮ,

ಜಾಡಿ ಒಡೆಯದೆ ಬಂತು. ಆರು ಕಾಳನ್ನೂ ಹತ್ತೊಂಬತ್ತಕ್ಕೆ ಬಿತ್ತಿದೆ, ನೀವು ಹೇಳಿದಷ್ಟೇ ಆಳಕ್ಕೆ. ಹಕ್ಕಿ ಕೆದಕದ ಹಾಗೆ ಮೇಲೆ ಮುಳ್ಳುಕಡ್ಡಿ ಹೊದಿಸಿದ್ದೇನೆ.

ಹಳೆಯದನ್ನು ನೀವು ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನಗೆ ನಿಮ್ಮ ಮೇಲೆ ಈಗ ಕೋಪವಿಲ್ಲ. ವಯಸ್ಸಾದ ಮೇಲೆ ಹೀಗೆಲ್ಲ ಆಗುತ್ತದೆ, ಯಾರ ತಪ್ಪೂ ಅಲ್ಲ. ವಿಶ್ರಾಂತಿ ತೆಗೆದುಕೊಳ್ಳಿ. ಚಳಿ ಹೆಚ್ಚಾಗಿದೆ, ಬೆಚ್ಚಗಿರಿ.

ಅಕ್ಕನ ಮಗಳು


ನವೆಂಬರ್ ೨೮

ಮಗಳೇ,

ನಿನ್ನ ಸಿಹಿ ಕಾಗದ ಬಂತು. ಎರಡು ತಿಂಗಳು ನೀನು ಬರೆದದ್ದೆಲ್ಲ ಖಾರ. ಆ ಖಾರದಲ್ಲಿ ನನಗೆ ಅಕ್ಕನ ವಾಸನೆ ಬರುತ್ತಿತ್ತು. ಈ ಕಾಗದದಲ್ಲಿ ಆಸ್ಪತ್ರೆಯ ವಾಸನೆ. ಬೆಚ್ಚಗಿರಿ ಅಂತ ಬರೆದಿದ್ದೀಯ. ಹೀಗೆ ಬರೆಯುವ ಹುಡುಗಿ ಏನೋ ಬಚ್ಚಿಡುತ್ತಿದ್ದಾಳೆ ಅಂತ ಅನ್ನಿಸಿತು. ಆಮೇಲೆ, ನನ್ನ ಅನ್ನಿಸಿಕೆಗೆ ಈಗ ಏನು ಬೆಲೆ ಅಂತಲೂ ಅನ್ನಿಸಿತು.

ಡಾಕ್ಟರ ಹತ್ತಿರ ಹೋಗಿದ್ದೆ. ತಲೆ ಸರಿಯಿದೆಯೋ ನೋಡೋಕೆ ಗಡಿಯಾರದ ಚಿತ್ರ ಬರೆಯಿರಿ ಅಂತ ಕೂಗಿ ಹೇಳಿದರು, ಬರೆದೆ. ಮುಳ್ಳು ಎಲ್ಲಿರಬೇಕೋ ಅಲ್ಲೇ ಇಟ್ಟೆ. ಎಲ್ಲ ಸರಿಯಾಗಿದೆಯಲ್ಲಮ್ಮ ಅಂದರು. ಇಲ್ಲ, ನನ್ನ ಅಕ್ಕನ ಮಗಳು ಕಣ್ಣಾರೆ ನೋಡಿದ್ದಾಳೆ ಅಂತ ನಾನೇ ನಿನ್ನ ಕಾಗದ ತೋರಿಸಿದೆ. ಅದನ್ನು ಓದಿ ಅವರ ಮುಖ ಬದಲಾಯಿತು. ಒಬ್ಬರೇ ಇರುವುದು, ಗ್ಯಾಸ್ ಒಲೆ, ಅದೂ ಕಿವಿ ಬೇರೆ ಕೇಳಿಸುವುದಿಲ್ಲ ಅಂದರು. ದರ್ಜಿ ಸಿಲಿಂಡರನ್ನು ತನ್ನ ಮನೆಗೆ ಉರುಳಿಸಿಕೊಂಡು ಹೋದ. ಊಟ ಅವನ ಹೆಂಡತಿ ತಂದಿಡುತ್ತಾಳೆ. ಉಪ್ಪು ಕಡಿಮೆ, ಹೇಳೋಕಾಗಲ್ಲ.

ಡಿಸೆಂಬರ್ ೧೨ಕ್ಕೆ ಈ ಕೋಣೆಯ ಬೀಗದ ಕೈ ಕೊಟ್ಟು ಒಂದು ಆರೈಕೆ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಕಿಟಕಿ ಇದೆ, ಮಣ್ಣಿಲ್ಲ. ನೆಲವೆಲ್ಲ ಹಲಗೆ ಹಾಸಿನ ಹಾಗೆ ನುಣುಪು. ಗೋಡೆ ಪಕ್ಕದ ನನ್ನ ಪಾತಿಯಲ್ಲಿ ಬೆಳ್ಳುಳ್ಳಿ ಊರಿದ್ದೆ, ಬೆರಳುದ್ದ ಬಂದಿದೆ. ಮುಂದೆ ಇಲ್ಲಿಗೆ ಬರುವವರು ಅದನ್ನು ಹುಲ್ಲು ಅಂತ ಕಿತ್ತು ಹಾಕದಿದ್ದರೆ ಸಾಕು.

ಆ ಹಳೇ ಕಾಗದ ಇನ್ನೂ ಇಟ್ಟುಕೊಂಡಿದ್ದರೆ ಹರಿದು ಹಾಕು. ನನ್ನ ಕೈಬರಹದಲ್ಲಿ ಆ ತೊಂಬತ್ತು ಎಲ್ಲೋ ಇದೆ ಅನ್ನುವುದು ನನಗೆ ಬೇಡ.

ಚಿಕ್ಕಿ


ಡಿಸೆಂಬರ್ 5

ಚಿಕ್ಕೀ,

ಎಷ್ಟೋ ವರ್ಷದ ಮೇಲೆ ನಿನ್ನ ಸಹಿಯಲ್ಲಿ ಆ ಪದ ನೋಡಿದೆ. ಚಿಕ್ಕವಳಿದ್ದಾಗ ನಿನ್ನನ್ನು ಹೀಗೇ ಕರೆಯುತ್ತಿದ್ದೆ, ನೀನು ಎನ್ನುತ್ತಿದ್ದೆ. ನೀವು ಎಂದು ಶುರುವಾದದ್ದು ಜಗಳದ ಮೇಲೆ. ಅದನ್ನು ಇಲ್ಲಿಗೆ ಬಿಡುತ್ತೇನೆ.

ನಿನ್ನ ತಲೆಗೆ ಏನೂ ಆಗಿಲ್ಲ. ಮೊದಲು ಇದನ್ನು ಓದಿಕೋ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದು.

ನವೆಂಬರ್ ಹದಿನೆಂಟಕ್ಕೆ ನಿನ್ನ ಜಾಡಿ ಬಂತು. ಜೊತೆಗಿದ್ದ ಕಾಗದದ ಮೇಲೆ ಹತ್ತೊಂಬತ್ತನೇ ತಾರೀಖಿತ್ತು, ನಾನು ಓದಿದ ಹಾಗೆ. ಒಂದು ಕಾಗದ ಬರೆಯುವ ಮೊದಲೇ ತಲುಪಿದರೆ ಬರೆದವರ ತಪ್ಪು ಅನ್ನಬಹುದು. ಎರಡನೆಯದೂ ಹಾಗೇ ತಲುಪಿದಾಗ ಓದಿದವಳ ಮೇಲೇ ಅನುಮಾನ ಬಂತು. ಮರುದಿನ ಅಂಗಡಿಯಲ್ಲಿ ನನ್ನ ಮೇಜಿನ ಕೆಳಗಿನ ಖಾನೆ ಎಳೆದೆ. ಇಂಗ್ಲಿಷ್ ಅಕ್ಷರ ಬಾರದವರಿಗೆ ತೋರಿಸುವ ಕನ್ನಡ ಅಂಕಿಯ ಕಾರ್ಡುಗಳು ಅಲ್ಲಿರುತ್ತವೆ. ತೋರಿಸುವುದು ಯಾವಾಗಲೂ ನನ್ನ ಜೊತೆಯವಳು, ನಾನಲ್ಲ. ಪ್ರತಿ ಕಾರ್ಡಿನ ಹಿಂದೆ ಅದು ಯಾವ ಅಂಕಿ ಎಂದು ಇಂಗ್ಲಿಷಿನಲ್ಲಿದೆ, ನನ್ನಂಥವರಿಗಾಗಿ. ನಾನು ಒಂಬತ್ತು ಎಂದುಕೊಂಡಿದ್ದ ಕಾರ್ಡನ್ನು ಎತ್ತಿ ತಿರುಗಿಸಿದೆ. ಹಿಂದೆ 6 ಎಂದಿತ್ತು.

ನಮ್ಮ ಸ್ಕೂಲಿನಲ್ಲಿ ಕನ್ನಡ ದಿನಕ್ಕೆ ಒಂದು ಪಿರಿಯಡ್ಡು. ಅಕ್ಷರ ತಿದ್ದಿಸಿದರು, ಪದ್ಯ ಬಾಯಿಪಾಠ ಮಾಡಿಸಿದರು. ಅಂಕಿ ಎಂದರೆ ಲೆಕ್ಕದ ಪುಸ್ತಕದ್ದು, ಅದು ಇಂಗ್ಲಿಷಿನದು. ಕನ್ನಡದ ಅಂಕಿಗಳನ್ನು ನಾನು ಕಲಿತದ್ದು ಬಸ್ಸಿನ ಹಣೆಯಿಂದ, ಪುಸ್ತಕದ ಪುಟಗಳ ಮೂಲೆಯಿಂದ, ಅರ್ಧಂಬರ್ಧ. ಆರಕ್ಕೂ ಒಂಬತ್ತಕ್ಕೂ ಬಾಲದಲ್ಲಷ್ಟೇ ವ್ಯತ್ಯಾಸ. ನನ್ನ ತಲೆಯಲ್ಲಿ ಆ ಬಾಲಗಳು ಎಂದೋ ಅದಲುಬದಲಾಗಿ ಕೂತಿದ್ದವು. ಪುಟದಲ್ಲಾದರೆ ಐದರ ಮುಂದೆ ಬಂದದ್ದು ಆರೇ ಆಗಿರುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ.

ಸಂಜೆ ಮನೆಗೆ ಬಂದು ಡಬ್ಬಿಯ ತಳದಿಂದ ನಿನ್ನ ಹಳೇ ಕಾಗದ ತೆಗೆದೆ. 'ನೀರು ೬೦ ಡಿಗ್ರಿ.' ಕಾರ್ಡನ್ನು ಪಕ್ಕದಲ್ಲಿಟ್ಟು ನೋಡಿದೆ. ಅರವತ್ತು. ಸ್ಪಷ್ಟವಾಗಿ, ದುಂಡಗೆ, ಶಾಯಿ ಕೂಡ ಮಾಸಿಲ್ಲ. ಇಡೀ ದಿನ ಬೇರೆಯವರ ಕಣ್ಣಿನ ತಪ್ಪು ಹುಡುಕುವವಳು ನಾನು.

ಇಷ್ಟೇ ಆಗಿದ್ದರೆ ಅವತ್ತೇ ಬರೆದುಬಿಡುತ್ತಿದ್ದೆ, ಎಂದುಕೊಳ್ಳಲು ಇಷ್ಟ. ಆದರೆ ನೀನು ಅಷ್ಟರಲ್ಲಿ ತಪ್ಪನ್ನು ನಿನ್ನ ತಲೆಯ ಮೇಲೆ ಹೊತ್ತುಕೊಂಡಿದ್ದೆ. ನಾನು ಬಾಗಿಲು ತೆಗೆದು ಹಿಡಿದು, ಹೋಗಲಿ ಎಂದು ನಿಂತೆ. ಇಪ್ಪತ್ತೆರಡನೇ ತಾರೀಖಿನ ಆ ಸಿಹಿ ಕಾಗದವನ್ನು ಎಲ್ಲ ಗೊತ್ತಿದ್ದೇ ಬರೆದೆ. ಬೆಚ್ಚಗಿರಿ ಎಂದೆ. ನಿನಗೆ ವಾಸನೆ ಸರಿಯಾಗಿಯೇ ಬಂದಿತ್ತು. ನೀನು ಸಿಲಿಂಡರು ಕೊಟ್ಟದ್ದು, ಕೋಣೆ ಬಿಡುತ್ತಿರುವುದು, ಎಲ್ಲ ನಾನು ನೋಡಿದೆನೆಂದು ಹೇಳಿದ ಒಂದು ಅಂಕಿಯ ಮೇಲೆ. ನಿನ್ನ ಕಾಗದ ಬಂದು ಐದು ದಿನವಾಯಿತು. ದಿನಾ ಬೆಳಿಗ್ಗೆ ಇವತ್ತು ಬರೆಯುತ್ತೇನೆ ಎಂದು ಎದ್ದಿದ್ದೇನೆ.

ಇನ್ನೂ ಒಂದಿದೆ. ನನ್ನ ಮೊದಲ ಕಾಗದದಲ್ಲಿ, ಅಮ್ಮ ನಿನ್ನ ಬಗ್ಗೆ ಅದನ್ನೇ ನಂಬಿಕೊಂಡು ಹೋದಳು ಎಂದು ಬರೆದಿದ್ದೆ. ಅದು ನಿಜವಲ್ಲ.

ಅವತ್ತು ಒಲೆಯ ಮುಂದೆಯೇ ಅಮ್ಮ ಕೇಳಿದ್ದಳು, "ತೊಂಬತ್ತಾ? ಸರಿಯಾಗಿ ನೋಡೇ." ನನಗೆ ರೇಗಿತು. ನನಗೆ ಓದೋಕೆ ಬರಲ್ವಾ ಅಂದೆ. ಅವಳು ಕಾಳಿನ ಗಂಟನ್ನು ನೀರಿಗೆ ಇಳಿಬಿಟ್ಟಳು. ಇಷ್ಟು ಓದಿಸಿದ ಮಗಳ ಮಾತನ್ನು ಅವಳು ಎರಡನೇ ಸಲ ಪ್ರಶ್ನಿಸುವವಳಲ್ಲ, ನಿನಗೆ ಗೊತ್ತು.

ಆದರೆ ಕೊನೆಯ ವಾರದಲ್ಲಿ ಮತ್ತೆ ಕೇಳಿದಳು. ಮಧ್ಯಾಹ್ನ, ಹಾಸಿಗೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡಿದ್ದೆ.

"ಅವಳು ಹಾಗೆ ಬರೆಯೋಳಲ್ಲ ಕಣೇ. ಆ ಕಾಗದ ತೆಗೆದು ಇನ್ನೊಂದ್ಸಲ ಓದು."

ಡಬ್ಬಿಯನ್ನು ತಂದೆ. ಕಾಗದವನ್ನು ಕೈಯಲ್ಲಿ ಹಿಡಿದೆ. ಅದನ್ನು ಬಿಚ್ಚಲಿಲ್ಲ, ಚಿಕ್ಕಿ. ಎಷ್ಟೋ ಸಲ ಹೇಳಿ ಬಾಯಿಪಾಠವಾಗಿತ್ತು. ಮಡಿಸಿದ ಕಾಗದ ಹಿಡಿದುಕೊಂಡೇ, ನೀರು ತೊಂಬತ್ತು ಡಿಗ್ರಿ, ಐದು ನಿಮಿಷ, ಎಂದು ಹೇಳಿದೆ. ಅಮ್ಮ ತಿರುಗಿ ನೋಡಲಿಲ್ಲ. ಸರಿ ಬಿಡು, ಅಂದಳು. ಬಿಚ್ಚಿದ್ದರೂ ತೊಂಬತ್ತೆಂದೇ ಓದುತ್ತಿದ್ದೆನೋ ಏನೋ. ಅದು ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಬಿಚ್ಚಲಿಲ್ಲ ಎಂಬುದಷ್ಟೇ ಗೊತ್ತಿದೆ. ಆಪರೇಷನ್ ಆದ ಕಣ್ಣು ಅವಳದು, ಅವಳ ಕೈಗೇ ಕೊಟ್ಟಿದ್ದರೂ ಆಗುತ್ತಿತ್ತು. ಅದು ಹೊಳೆದದ್ದು ಈಗ.

ಅಂದರೆ ಕೊನೆಯಲ್ಲಿ ಅವಳು ನಿನ್ನನ್ನು ನಂಬಲು ಹೊರಟಿದ್ದಳು. ತಡೆದವಳು ನಾನು.

ಬಸ್ಸು ಹತ್ತಿ ಬಂದು ನಿನ್ನ ಮುಂದೆ ಕೂತು ಹೇಳಬೇಕೆಂದು ಯೋಚಿಸಿದೆ. ನಿನಗೆ ಕೇಳಿಸುವುದಿಲ್ಲ, ನಾನು ಇಂಥದ್ದನ್ನು ಜೋರಾಗಿ ಹೇಳುವವಳಲ್ಲ. ಚಹಾ ಕುಡಿದು, ಬೆಳ್ಳುಳ್ಳಿ ನೋಡಿ, ಬೇರೇನೋ ಹೇಳಿ ಎದ್ದು ಬಂದುಬಿಡುತ್ತಿದ್ದೆ. ಕಾಗದದಲ್ಲಿ ದನಿ ತಗ್ಗಿಸಲು ಬರುವುದಿಲ್ಲ. ಆದ್ದರಿಂದ ಇದು ಮೊದಲು ಬರುತ್ತದೆ, ನಾನು ಆಮೇಲೆ. ಹತ್ತನೇ ತಾರೀಖು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಜಾಡಿ ತರುತ್ತೇನೆ. ಬಾಗಿಲು ತೆಗೆಯುವುದೂ ಬಿಡುವುದೂ ನಿನಗೆ ಬಿಟ್ಟದ್ದು. ತೆಗೆಯದಿದ್ದರೆ ಜಾಡಿಯನ್ನು ದರ್ಜಿಯ ಕೈಗೆ ಕೊಟ್ಟು ಬರುತ್ತೇನೆ. ಆದರೆ ಬೀಗದ ಕೈಯನ್ನು ಮಾತ್ರ ಯಾರಿಗೂ ಕೊಡಬೇಡ. ನಿನ್ನ ಹಳೇ ಕಾಗದ ಇದರೊಳಗೇ ಇದೆ. ಹರಿಯಲಿಲ್ಲ. ಡಾಕ್ಟರಿಗೆ ತೋರಿಸು, ನನ್ನ ಈ ಕಾಗದವನ್ನೂ ತೋರಿಸು. ಅವರಿಗೆ ತೋರಿಸಲು ನಾಚಿಕೆಯಾಗುವ ಸಾಲುಗಳನ್ನು ಈ ಸಲ ನಾನು ಬಿಟ್ಟಿಲ್ಲ.

ಐದು ಬಟಾಣಿ ಎದ್ದಿವೆ. ಆರನೆಯದರ ಜಾಗದಲ್ಲಿ ಮಣ್ಣು ಇವತ್ತು ಬೆಳಿಗ್ಗೆ ಸ್ವಲ್ಪ ಬಿರುಕು ಬಿಟ್ಟಿತ್ತು. ಕೆದಕಿ ನೋಡಲಿಲ್ಲ.

ಇದನ್ನು ನಾಳೆ ಅಂಗಡಿಗೆ ಹೋಗುವಾಗ ಅಂಚೆಗೆ ಹಾಕುತ್ತೇನೆ. ನಾಳೆಯ ತಾರೀಖನ್ನು ನಿನ್ನ ಅಂಕಿಯಲ್ಲೇ ಬರೆಯುತ್ತಿದ್ದೇನೆ, ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು, ಬಾಲ ಎತ್ತ ತಿರುಗಿದೆ ಎಂದು ಎರಡು ಸಲ ನೋಡಿ.

ಡಿಸೆಂಬರ್ ೬